ತಂಗಿ ಮದುವೇಲಿ ಒತ್ತಿದ ಹಸಿರು ಬೊಟ್ಟು

ನಾನು ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟೋನು. ಇಂಗ್ಲಿಷ್ ಓದಕ್ಕೆ ಬರಲ್ಲ. ಆದ್ರೆ ಮದುವೆ ಲೈವ್ ಮಾಡೋ ಕೆಲಸ ಬರುತ್ತೆ. ನಾಕು ಕ್ಯಾಮೆರಾದ ವೈರು ಎಳ್ಕಂಡು ಬಂದು ಒಂದು ಕಂಪ್ಯೂಟರಿಗೆ ಸಿಗಿಸ್ತೀವಿ. ಅದರಾಗೆ ಒಂದು ಸಾಫ್ಟ್‌ವೇರ್ ಐತೆ. ಯಾವ ಕ್ಯಾಮೆರಾ ಎಲ್ಲಿ ಕಾಣಬೇಕು, ಎಷ್ಟು ದೊಡ್ಡದಾಗಿ ಕಾಣಬೇಕು, ಎಲ್ಲಾ ಅದರದ್ದೇ ಆಟ. ಪೂರ್ತಿ ಒಬ್ಬರನ್ನೇ ತೋರಿಸಬಹುದು. ನಡುವೆ ಗೆರೆ ಹೊಡೆದು ಇಬ್ಬರನ್ನ ಅಕ್ಕಪಕ್ಕ ತೋರಿಸಬಹುದು. ನಾಕು ಮಾಡಬಹುದು, ಒಂಬತ್ತು ಮಾಡಬಹುದು. ಲೇಔಟ್ ಅಂತಾರೆ. ನಾವು ಡಬ್ಬಿ ಅಂತೀವಿ. ಒಂದು ಡಬ್ಬಿ, ಎರಡು ಡಬ್ಬಿ, ನಾಕು ಡಬ್ಬಿ, ಒಂಬತ್ತು ಡಬ್ಬಿ. ಜಮೀನು ಪೋಡಿ ಮಾಡಿದ ನಕಾಶೆ ನೋಡಿದೋರಿಗೆ ಬೇಗ ತಿಳಿಯುತ್ತೆ. ನಮ್ಮಪ್ಪಂಗೆ ಹಂಗೇ ಹೇಳಿ ತಿಳಿಸಿದ್ದೆ.

ಯಾವ ಗುಂಡಿಗೆ ಯಾವ ಡಬ್ಬಿ ಅಂತ ಮೊದಮೊದಲು ನೆನಪೇ ಇರ್ತಿರಲಿಲ್ಲ. ತಂಗಿ ತನ್ನ ಹಣೆಬೊಟ್ಟಿನ ಪಾಕೀಟು ತಂದು ಕೀಬೋರ್ಡಿಗೆ ಅಂಟಿಸಿಕೊಟ್ಟಳು. ಕೆಂಪು ಬೊಟ್ಟು ಒಂದು ಡಬ್ಬಿ. ಹಸಿರು ಎರಡು. ಹಳದಿ ನಾಕು. ಕರೀದು ಒಂಬತ್ತು. ಅವಳು ಪಿಯುಸಿ ಮುಗಿಸಿದೋಳು.

"ಇನ್ನೂ ತಪ್ಪು ಒತ್ತಿದ್ರೆ ನಿನ್ ಹಣೆಗೇ ಅಂಟಿಸ್ತೀನಿ ನೋಡು" ಅಂದಿದ್ದಳು.

ಅವಳ ಮದುವೇಲೇ ತಪ್ಪು ಒತ್ತಿದೆ.

ನಮ್ಮದು ಈಸೂರು. ಹುಡುಗನ ಕಡೆಯೋರು ಸೊರಬ ತಾಲ್ಲೂಕು, ಕುಪ್ಪಗಡ್ಡೆ. ಮದುವೆ ಶಿಕಾರಿಪುರದ ಒಂದು ಛತ್ರದಾಗೆ. ಅದಕ್ಕೂ ಎರಡು ವರ್ಷದ ಹಿಂದೆ ತಂಗಿಗೆ ಒಂದು ಸಂಬಂಧ ಗೊತ್ತಾಗಿ, ನಿಶ್ಚಯನೂ ಆಗಿ, ಆಮೇಲೆ ಅವರು ಬ್ಯಾಡ ಅಂದಿದ್ರು. ಯಾಕೆ ಅಂತ ಇವತ್ತಿಗೂ ಹೇಳಿಲ್ಲ. ಅವತ್ತಿಂದ ನಮ್ಮವ್ವ ಯಾರ ಮನೆ ಕಾರ್ಯಕ್ಕೂ ಹೋಗ್ತಿರಲಿಲ್ಲ. ಹೋದ ಕಡೆಯೆಲ್ಲ ಅದನ್ನೇ ಕೇಳೋರು. ಇನ್ನೊಂದು ಸಲ ಹಂಗಾದ್ರೆ ಇವಳಿಗೆ ಮದುವೆ ಅನ್ನೋದೇ ಇಲ್ಲ. ಇದು ಮನೇಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳ್ತಿರಲಿಲ್ಲ.

ಮದುವೆ ದಿನ ನಾನು ಕಂಪ್ಯೂಟರ್ ಮುಂದೆ ಕೂರ್ತೀನಿ ಅಂದಾಗ ಅವ್ವ ಬೈದಳು.

"ಒಡಹುಟ್ಟಿದೋನು ನೀನು. ಅವಳ ಕೈಗೆ ಅರಳು ಹಾಕೋನು ಯಾರು? ನಿನ್ ಡಬ್ಬಿ ಬಂದು ಹಾಕ್ತಾವಾ?"

"ಅರಳು ಹಾಕೋ ಹೊತ್ತಿಗೆ ಎದ್ದು ಬರ್ತೀನವ್ವ. ಬೇರೆಯೋರ ಕೈಗೆ ಕೊಟ್ರೆ ಕೆಡಿಸ್ತಾರೆ."

ನಾನೇ ಅಂದಿದ್ದು. ಬೇರೆಯೋರ ಕೈಗೆ ಕೊಟ್ರೆ ಕೆಡಿಸ್ತಾರೆ ಅಂತ.

ನಮ್ ಕಡೆ ಧಾರೆಗೆ ಮೊದ್ಲು ಹುಡುಗ ಹುಡುಗಿ ಮಧ್ಯೆ ಒಂದು ಬಿಳಿ ಬಟ್ಟೆ ಹಿಡೀತಾರೆ. ತೆರೆ ಅಂತಾರೆ. ಈ ಕಡೆ ಅವನು, ಆ ಕಡೆ ಅವಳು. ಮುಹೂರ್ತದ ಗಳಿಗೆ ಬರೋತನಕ ಒಬ್ಬರ ಮುಖ ಒಬ್ಬರು ನೋಡಬಾರದು. ಗಳಿಗೆ ಬಂತು ಅಂದ್ರೆ ತೆರೆ ಇಳಿಸ್ತಾರೆ, ಜೀರಿಗೆ ಬೆಲ್ಲ ಒಬ್ಬರ ತಲೆ ಮೇಲೊಬ್ಬರು ಹಾಕ್ಕಂತಾರೆ. ಆ ಹೊತ್ತಿಗೆ ನಾವು ಎಲ್ಇಡಿಗೆ, ಅಂದ್ರೆ ಛತ್ರದಾಗೆ ಹಾಕೋ ದೊಡ್ಡ ಪರದೆಗೆ, ಎರಡು ಡಬ್ಬಿ ಕೊಡೋದು ರೂಢಿ. ಎಡಕ್ಕೆ ಹುಡುಗನ ಮುಖ, ಬಲಕ್ಕೆ ಹುಡುಗಿ ಮುಖ. ಜನ ಸಿಳ್ಳೆ ಹೊಡೀತಾರೆ. ಎಷ್ಟು ಮದುವೇಲಿ ಕೊಟ್ಟಿದೀನೋ ಲೆಕ್ಕ ಇಲ್ಲ. ಒಂದರಾಗೂ ಏನೂ ಆಗಿಲ್ಲ. ಯಾಕಂದ್ರೆ ಎಲ್ಇಡಿ ಯಾವಾಗಲೂ ಸ್ಟೇಜಿನ ಪಕ್ಕದಾಗೆ ಜನರ ಕಡೆ ಮುಖ ಮಾಡಿ ಇರ್ತಿತ್ತು. ಸ್ಟೇಜ್ ಮೇಲಿನೋರಿಗೆ ಅದು ಕಾಣ್ತಿರಲಿಲ್ಲ.

ತಂಗಿ ಮದುವೆಗೆ ನಾನು ಇನ್ನೊಂದು ಎಲ್ಇಡಿ ಹಾಕಿಸಿದೆ. ಛತ್ರದ ಬಾಗಿಲ ಮೇಲೆ, ಸ್ಟೇಜಿಗೆ ಎದುರಾಗಿ. ಅವ್ವ ಮಗಳ ಹಿಂದೆ ನಿಂತಿರ್ತಾಳೆ, ಅವಳಿಗೆ ಮಗಳ ಬೆನ್ನು ಬಿಟ್ರೆ ಏನೂ ಕಾಣಲ್ಲ, ಮುಖನೂ ನೋಡ್ಲಿ ಅಂತ. ಅಷ್ಟೇ ನನ್ ತಲೇಲಿ ಇದ್ದದ್ದು.

ತೆರೆ ಹಿಡಿದ್ರು. ಒಂದು ತುದಿ ನಮ್ಮ ಸೋದರಮಾವನ ಕೈಲಿ. ಇನ್ನೊಂದು ತುದಿ ಹುಡುಗನ ದೊಡ್ಡಪ್ಪನ ಕೈಲಿ. ಈ ದೊಡ್ಡಪ್ಪ ಅವರ ಮನೆ ಯಜಮಾನ. ಅವರು ಕೂತ್ಕ ಅಂದ್ರೆ ಆ ಮನೇಲಿ ಕೂರಬೇಕು. ಬೆಳಗ್ಗೆ ನನ್ನ ಮೇಜಿನ ಹತ್ರ ಬಂದು, "ಎಂತಾ ಮಾರಾಯ ಇದು, ನಾಕು ನಾಕು ಕ್ಯಾಮರಾ! ನಮ್ಮನೆ ಮದುವೇಲಿ ಒಂದು ಸೊಳ್ಳೆ ಹಾರಿದ್ರೂ ತಪ್ಪಲ್ಲ ಹಂಗಾರೆ" ಅಂತ ಬೆನ್ನು ತಟ್ಟಿದ್ರು. ಎಲ್ಲಾ ರೆಕಾರ್ಡ್ ಆಗುತ್ತೆ ಅಂತ ನಾನೂ ಅಂದಿದ್ದೆ.

ಭಟ್ಟರು ಮಂತ್ರ ಶುರು ಮಾಡಿದ್ರು. ಜನ ಅರ್ಧಕ್ಕರ್ಧ ಊಟದ ಹಾಲಿಗೆ ಹೋಗಿ ಎಲೆ ಮುಂದೆ ಕೂತಿತ್ತು. ನಾನು ಹಸಿರು ಬೊಟ್ಟು ಒತ್ತಿದೆ.

ಎದುರಿನ ಎಲ್ಇಡೀಲಿ ಹುಡುಗ, ಹುಡುಗಿ, ಅಕ್ಕಪಕ್ಕ ಬಂದ್ರು. ಆಳೆತ್ತರ. ನಡುವೆ ಒಂದು ಗೆರೆ ಬಿಟ್ರೆ ಏನೂ ಇಲ್ಲ.

ದೊಡ್ಡಪ್ಪ ತಲೆ ಎತ್ತಿದ್ರು.

"ಏಯ್! ಬಂದ್ ಮಾಡೋ ಅದನ್ನ! ಬಂದ್ ಮಾಡ್ರೋ!"

ತೆರೆ ಬಿಡಲಿಲ್ಲ ಅವರು. ಒಂದು ಕೈಲಿ ಹಿಡ್ಕಂಡೇ ಇನ್ನೊಂದು ಕೈ ನನ್ ಕಡೆ ಚಾಚಿ ಕೂಗಿದ್ರು. ಎಲ್ಲರೂ ಅವರ ಕಡೆ ತಿರುಗಿದ್ರು. ವಾಲಗದೋರು ನಿಲ್ಲಿಸಿದ್ರು. ನಂಗೆ ಏನು ತಪ್ಪಾಗೈತೆ ಅಂತ ತಿಳಿಯಕ್ಕೇ ಎರಡು ಸೆಕೆಂಡು ಬೇಕಾಯ್ತು. ತಿಳಿದ ಮೇಲೆ ಕೈ ಓಡಲಿಲ್ಲ. ಹಳದಿ ಒತ್ತಿದೆ. ನನ್ನ ಮುಂದಿನ ಮಾನಿಟರ್ ಬದಲಾಗಿ ನಾಕು ಡಬ್ಬಿ ಆಯ್ತು, ಎಲ್ಇಡಿ ಬದಲಾಗಲಿಲ್ಲ. ಎಲ್ಇಡಿ ಕಡೆ ಮೌಸಿನ ಬಾಣ ಹೊರಳಿಸಿ ಒತ್ತಬೇಕು, ಅದು ಮರೆತೇ ಹೋಯ್ತು. ಹತ್ತು ಹನ್ನೆರಡು ಸೆಕೆಂಡು ಹಂಗೇ ಇತ್ತು. ಕೊನೆಗೆ ವೈರೇ ಕಿತ್ತೆ. ಎಲ್ಇಡಿ ಕಪ್ಪಾಯ್ತು.

ಆ ಹತ್ತು ಹನ್ನೆರಡು ಸೆಕೆಂಡಲ್ಲಿ ಛತ್ರದ ಜನ ಎಲ್ಲಾ ದೊಡ್ಡಪ್ಪನ್ನ ನೋಡ್ತಿತ್ತು. ದೊಡ್ಡಪ್ಪ ನನ್ನ ನೋಡ್ತಿದ್ರು. ನಾನು ಮಾನಿಟರ್ ನೋಡ್ತಿದ್ದೆ. ನಾಕರಲ್ಲಿ ಬಲಗಡೆ ಮೇಲಿನ ಡಬ್ಬೀಲಿ ತಂಗಿ ಇದ್ದಳು. ಅವಳು ತಲೆ ಎತ್ತಿದಳು. ಎಲ್ಇಡಿ ನೋಡಿದಳು. ನಕ್ಕಳು.

ಬೆಳಗ್ಗಿಂದ ಅತ್ತು ಅತ್ತು ಕಣ್ಣು ಊದಿಸ್ಕಂಡಿದ್ಲು. ಅಷ್ಟರಾಗೂ ನಕ್ಕಳು. ಆಮೇಲೆ ಫಕ್ಕನೆ ತಲೆ ತಗ್ಗಿಸಿದಳು.

ಫೋನಿನ ಲೈವಿಗೆ ಆಗ ಜನರ ಮೇಲಿನ ಕ್ಯಾಮೆರಾ ಹೋಗ್ತಿತ್ತು. ನಾನೊಬ್ಬನೇ ನೋಡಿದ್ದು.

ದೊಡ್ಡಪ್ಪ ತೆರೇನ ಬೇರೆಯೋರ ಕೈಗೆ ಕೊಟ್ಟು ಮುಂದಕ್ಕೆ ಬಂದ್ರು.

"ಭಟ್ರೇ, ತೆರೆ ಇಳಿಯೋಕೆ ಮುಂಚೆ ಮುಖ ನೋಡಿದ್ರೆ ಎಂತದು?"

"ನೋಡಬಾರದು ಅಂತ ಐತ್ರಿ."

"ನೋಡಿದ್ರೆ?"

"ನೋಡಿದ್ರೆ ಈ ಗಳಿಗೆ ಬಿಟ್ಟು ಬೇರೆ ಗಳಿಗೆ ನೋಡಬೇಕ್ರಿ. ನೋಡದೆ ಇದ್ರೆ ಏನೂ ದೋಷ ಇಲ್ಲ."

"ಬೇರೆ ಗಳಿಗೆ ಇವತ್ತೇ ಐತಾ?"

ಭಟ್ಟರು ಪಂಚಾಂಗ ತೆಗೀಲೇ ಇಲ್ಲ. "ಇವತ್ತಿಲ್ರಿ. ಈ ತಿಂಗಳೂ ಇಲ್ಲ."

ಅವ್ವ ತಂಗಿ ಹಿಂದೆ ನಿಂತಿದ್ದೋಳು ಅಲ್ಲೇ ಕೂತಳು. ಕುಸಿದು ಬೀಳಲಿಲ್ಲ, ಸುಮ್ಮನೆ ಕೂತಳು. ಅಪ್ಪ ದೊಡ್ಡಪ್ಪನ ಮುಂದೆ ಹೋಗಿ ಕೈ ಮುಗಿದ. ನಮ್ಮಪ್ಪ ಯಾರಿಗೂ ಕೈ ಮುಗಿಯೋ ಪೈಕಿ ಅಲ್ಲ. ಬ್ಯಾಂಕಿನೋರು ಬಂದ್ರೂ ಕುರ್ಚಿ ಬಿಟ್ಟು ಏಳಲ್ಲ. ಅವತ್ತು ಮುಗಿದ ಕೈ ಇಳಿಸಲೇ ಇಲ್ಲ.

ಸತ್ತೇ ಹೋಗ್ಬೇಕು ಅನ್ನಿಸ್ತು. ಕರೆಂಟ್ ಹೋಗ್ಲಿ, ಕಂಪ್ಯೂಟರ್ ಸುಟ್ಟು ಹೋಗ್ಲಿ ಅಂತ ಬೇಡ್ಕಂಡೆ. ಹೋದ್ರೂ ಉಪಯೋಗ ಇರಲಿಲ್ಲ. ಜನರೇಟರ್ ಇತ್ತು. ಅದನ್ನೂ ನಾನೇ ತರಿಸಿದ್ದು.

ಹುಡುಗ ಬಾಯಿಬಿಟ್ಟ. "ದೊಡ್ಡಪ್ಪ, ನಾ ನೋಡಿಲ್ಲ. ನೀವು ಕೂಗಿದ್ರಿ, ನಿಮ್ಮನ್ನ ನೋಡ್ದೆ."

"ಅವಳು?"

ತಂಗಿ ತಲೆ ಎತ್ತಲಿಲ್ಲ.

ನಮ್ಮ ಸೋದರಮಾವಂಗೆ ಸಿಟ್ಟು ಬಂತು. "ಅಲ್ರೀ ಯಜಮಾನ್ರೇ, ಮೊನ್ನೆ ತೊಗರ್ಸಿ ದೇವಸ್ಥಾನದ ಹತ್ರ ಇವರಿಬ್ಬರೂ ಒಂದೇ ಕೊಡೆ ಹಿಡ್ಕಂಡು ಫೋಟೋ ತೆಗಿಸ್ಕಂಡಿದಾರೆ. ಪ್ರೀ ವೆಡ್ಡಿಂಗ್ ಅಂತ. ಆವಾಗ ನೋಡದ್ದು ಇವಾಗ ಏನು ನೋಡ್ತಾರ್ರೀ?"

ಒಂದಿಬ್ಬರು ನಕ್ಕರು. ದೊಡ್ಡಪ್ಪ ನಗಲಿಲ್ಲ.

"ಅದು ಬೇರೆ. ಅವತ್ತು ಇವ್ರು ಹುಡುಗ ಹುಡುಗಿ. ಇವತ್ತು ಬಾಸಿಂಗ ಕಟ್ಟಿದ ಮದುಮಕ್ಳು. ನಿಮ್ಮನೇಲಿ ಎರಡೂ ಒಂದೇನ?"

ಆಮೇಲೆ ನನ್ ಕಡೆ ತಿರುಗಿದ್ರು.

"ನೀನೇ ಹೇಳಿದ್ಯಲ ಮಾರಾಯ, ಎಲ್ಲಾ ರೆಕಾರ್ಡ್ ಆಗ್ತದೆ ಅಂತ. ಹಾಕು. ನೋಡುವ. ನೋಡಿಲ್ಲ ಅಂದ್ರೆ ಧಾರೆ. ನೋಡಿದಾಳೆ ಅಂದ್ರೆ ನಾವು ಬಸ್ಸು ಹತ್ತುದು."

ಭಟ್ಟರು ವಾಚು ನೋಡಿದ್ರು. "ಇನ್ನು ಹನ್ನೊಂದು ನಿಮಿಷ ಐತೆ."

ನಾಕೂ ಕ್ಯಾಮೆರಾದ್ದು ಬೇರೆ ಬೇರೆ ಫೈಲ್ ಆಗಿ ಕೂತಿರ್ತಾವೆ. ನಾನು ಮೊದ್ಲು ನನ್ನ ಮಾನಿಟರಿಗೆ ಮಾತ್ರ ಹಾಕ್ಕಂಡು ನೋಡಿದೆ. ಹುಡುಗ ಹೇಳಿದ್ದು ನಿಜ. ತಲೆ ತಗ್ಗಿಸಿದ್ದ, ಕೂಗಿದಾಗ ದೊಡ್ಡಪ್ಪನ್ನ ನೋಡಿದ್ದ. ಎಲ್ಇಡಿ ಕಡೆ ತಿರುಗೇ ಇಲ್ಲ. ತಂಗೀದು ನೋಡಿದೆ. ನಕ್ಕಿದ್ಲು. ನನಗೇನೋ ಭ್ರಮೆ ಇರಬಹುದು, ನಕ್ಕಿಲ್ಲದೇ ಇರಬಹುದು ಅಂದ್ಕಂಡಿದ್ದೆ. ಇಲ್ಲ. ಹಲ್ಲು ಕಾಣೋ ಹಂಗೆ ನಕ್ಕಿದ್ಲು.

ವೈರ್ ಸಿಗಿಸಿದೆ. ಎರಡು ಸಲ ತಪ್ಪಿತು. ಕೆಂಪು ಬೊಟ್ಟು ಒತ್ತಿ ಹುಡುಗನ್ನ ಪೂರ್ತಿ ಎಲ್ಇಡಿಗೆ ಕೊಟ್ಟೆ. ಒಂದೇ ಡಬ್ಬಿ. ರೆಪ್ಪೆ ಕೂದಲು ಎಣಿಸೋ ಹಂಗೆ. ಎಲ್ಲರೂ ನೋಡಿದ್ರು. ದೊಡ್ಡಪ್ಪ ತಲೆ ಆಡಿಸಿದ್ರು.

"ಇವನು ಸರಿ. ಇನ್ನು ಅವಳದು ಹಾಕು."

ಫೈಲ್ ಇಲ್ಲ ಅನ್ನಬಹುದಿತ್ತು. ಅಂದ್ರೆ ಅಲ್ಲಿಗೆ ಮುಗೀತು, ಏನೋ ಮುಚ್ಚಿಡ್ತಾ ಇದೀನಿ ಅಂತ ಗೊತ್ತಾಗ್ತಿತ್ತು. ತೋರಿಸಲೇಬೇಕು. ಕರಿ ಬೊಟ್ಟಿನ ಮೇಲೆ ಬೆರಳು ಇಟ್ಟೆ. ಒಂಬತ್ತು ಡಬ್ಬಿ. ಅದನ್ನ ನಾವು ಎಲ್ಇಡಿಗೆ ಕೊಡೋದೇ ಇಲ್ಲ. ಅದು ಇರೋದು ನಮಗೆ, ಯಾವ ಕ್ಯಾಮೆರಾ ಬರ್ತಾ ಐತೆ ಯಾವುದು ಹೋಗೈತೆ ಅಂತ ನೋಡ್ಕಳಕ್ಕೆ. ನಾಕರಲ್ಲಿ ಕ್ಯಾಮೆರಾ, ಐದು ಖಾಲಿ. ತಂಗೀನ ಕೆಳಗಿನ ಮೂಲೆಗೆ ಹಾಕಿದೆ. ಪಕ್ಕದಾಗೆ ಕ್ರೇನಿನ ಕ್ಯಾಮೆರಾ ಇಟ್ಟೆ. ಅದು ಜನರ ಮೇಲೆ ಓಡಾಡ್ತಾ ಇರುತ್ತೆ, ಕಣ್ಣು ಅಲ್ಲಿಗೇ ಹೋಗ್ಲಿ ಅಂತ.

ಒತ್ತಿದೆ.

ಇಷ್ಟಗಲದ ಎಲ್ಇಡೀಲಿ ತಂಗಿ ಒಂದು ಮೂಲೇಲಿ. ಆ ಎಲ್ಇಡೀಲಿ ಬಲ್ಬು ದಪ್ಪ ದಪ್ಪ. ದೊಡ್ಡದಾಗಿ ಕೊಟ್ರೆ ಚೆಂದ, ಸಣ್ಣದು ಕೊಟ್ರೆ ಮುಖ ಎಲ್ಲ ಚುಕ್ಕಿ ಚುಕ್ಕಿ. ಬಾಸಿಂಗದ ಎಳೆ ಬೇರೆ ಮುಖದ ಮೇಲೆ. ತಲೆ ಸ್ವಲ್ಪ ಅಲ್ಲಾಡಿದ್ದು ಕಂಡಿತು. ಅಷ್ಟೇ. ಎಲ್ಲಾ ತೋರಿಸಿದೆ, ಏನೂ ಕಾಣದಂಗೆ.

ದೊಡ್ಡಪ್ಪ ಕನ್ನಡಕ ಹಾಕ್ಕಂಡ್ರು.

"ಇದೆಂತದು ಇಷ್ಟು ಸಣ್ಣದು? ಅವನದು ದೊಡ್ಡದು ಬಂತಲ."

"ಎಲ್ಲಾ ಕ್ಯಾಮೆರಾ ಒಟ್ಟಿಗೇ ನೋಡಿದ್ರೆ ಸರಿಯಾಗಿ ಗೊತ್ತಾಗ್ತೈತ್ರಿ. ಒಂದನ್ನೇ ನೋಡಿದ್ರೆ ಟೈಮ್ ಹೊಂದಲ್ಲ." ನನ್ ಬಾಯಿಗೆ ಬಂದದ್ದು ಹೇಳಿದೆ. ಅರ್ಥ ನಂಗೂ ಗೊತ್ತಿಲ್ಲ.

"ದೊಡ್ಡದು ಮಾಡು."

"ಮಾಡಿದ್ರೆ ಲೈವ್ ನಿಂತು ಹೋಗುತ್ರಿ. ನಿಮ್ಮ ನೆಂಟರೆಲ್ಲ ಫೋನಲ್ಲಿ ನೋಡ್ತಾ ಅದಾರೆ."

ಅವರು ಸ್ಟೇಜ್ ಮೆಟ್ಟಿಲು ಇಳಿಯಕ್ಕೆ ಶುರು ಮಾಡಿದ್ರು. ನನ್ನ ಮಾನಿಟರ್ ನೋಡಕ್ಕೆ ಬರ್ತಾ ಅದಾರೆ ಅಂತ ಗೊತ್ತಾಯ್ತು. ಒಂದು ಮೆಟ್ಟಿಲು. ಎರಡು. ನಾನು ಎದ್ದು ನಿಂತೆ. ಬಂದ್ರೆ ಕಂಪ್ಯೂಟರ್ ನೆಲಕ್ಕೆ ಎತ್ತಿ ಹಾಕ್ತೀನಿ ಅಂತಲೇ ಎದ್ದಿದ್ದು. ಸುಳ್ಳಲ್ಲ.

ಭಟ್ಟರು ಹಿಂದಿನಿಂದ ಕೂಗಿದ್ರು. "ಯಜಮಾನ್ರೇ, ನಾಕು ನಿಮಿಷ ಉಳಿದೈತೆ. ನನಗೆ ಕಾಣ್ತಾ ಐತಲ್ರೀ, ಹುಡುಗಿ ತಲೆ ತಗ್ಗಿಸ್ಕಂಡೇ ಐತೆ. ಸಿನಿಮಾ ಆಮೇಲೆ ನೋಡ್ರಿ. ಈಗ ತೆರೆ ಹಿಡೀತೀರೋ, ನಾನು ಊಟಕ್ಕೆ ಹೋಗ್ಲೋ?"

ಭಟ್ಟರಿಗೆ ನಿಜವಾಗ್ಲೂ ಹಂಗೆ ಕಂಡಿತ್ತೋ, ಬೇಕಂತಲೇ ಅಂದ್ರೋ ಗೊತ್ತಿಲ್ಲ. ಇವತ್ತಿಗೂ ಕೇಳಿಲ್ಲ.

ದೊಡ್ಡಪ್ಪ ಮೂರನೇ ಮೆಟ್ಟಿಲ ಮೇಲೆ ನಿಂತ್ರು. ನನ್ನ ನೋಡಿದ್ರು. ಬಹಳ ಹೊತ್ತು ನೋಡಿದ್ರು. ವಾಪಸ್ ಹತ್ತಿ ಹೋಗಿ ತೆರೆ ತುದಿ ಹಿಡಿದ್ರು.

ಮದುವೆ ಆಯ್ತು. ಅರಳು ಹಾಕಕ್ಕೆ ನಾನು ಹೋಗಲಿಲ್ಲ, ಕಂಪ್ಯೂಟರ್ ಬಿಟ್ಟು ಏಳಲಿಲ್ಲ. ಚಿಕ್ಕಪ್ಪನ ಮಗ ಹಾಕಿದ. ಅವ್ವ ಅದಕ್ಕೂ ಬೈದಳು.

ವಿಡಿಯೋ ಎಡಿಟ್ ಮಾಡಿ ಕೊಡುವಾಗ ಆ ಜಾಗಕ್ಕೆ ಕ್ರೇನ್ ಕ್ಯಾಮೆರಾದ್ದು ಹಾಕಿದೆ. ಮೂರು ತಾಸಿನ ವಿಡಿಯೋದಾಗೆ ತಂಗಿ ಒಂದು ಕಡೆನೂ ನಕ್ಕಿಲ್ಲ. ಅಳ್ತಾಳೆ, ತಲೆ ತಗ್ಗಿಸ್ತಾಳೆ, ಕಾಲಿಗೆ ಬೀಳ್ತಾಳೆ. ನೋಡಿದೋರು, "ಪಾಪ, ಹುಡುಗಿ ಎಷ್ಟು ಅತ್ತೈತೆ" ಅಂತಾರೆ. ನಕ್ಕಿದ್ದು ಹಾರ್ಡ್ ಡಿಸ್ಕಲ್ಲಿ ಉಳೀತು. ಅಳಿಸಬೇಕಿತ್ತು. ನನ್ ಕೈಲಿ ಆಗಲಿಲ್ಲ.

ಏಳೆಂಟು ತಿಂಗಳು ಏನೂ ಇಲ್ಲ. ಆಮೇಲೆ ತಂಗಿ ಬಸುರಿ ಆದ್ಲು, ಮೂರು ತಿಂಗಳಿಗೆ ಅದು ಇಳಿದು ಹೋಯ್ತು. ಡಾಕ್ಟರು, ಇದು ಎಷ್ಟೋ ಜನಕ್ಕೆ ಆಗುತ್ತೆ, ಮತ್ತೆ ಆಗುತ್ತೆ ಬಿಡಮ್ಮ, ಅಂದ್ರಂತೆ. ಅದಾಗಿ ಹತ್ತು ದಿನಕ್ಕೆ ದೊಡ್ಡಪ್ಪನ ಫೋನ್ ಬಂತು ನನಗೆ.

"ಅವತ್ತಿಂದು ಐತಲ ಮಾರಾಯ, ಹುಡುಗೀದು. ಅದನ್ನ ದೊಡ್ಡದಾಗಿ ನೋಡ್ಬೇಕಿತ್ತು. ತಗಬಾ."

"ಯಾಕ್ರೀ ಈಗ?"

"ನಮಗೆ ಗೊತ್ತಾಗ್ಬೇಕು. ದೋಷ ಯಾರದು ಅಂತ ಗೊತ್ತಿಲ್ದೆ ಹೆಂಗೆ ಬದುಕುದು?"

ಹುಡುಕಿ ಹೇಳ್ತೀನಿ, ಎರಡು ದಿನ ಕೊಡ್ರಿ ಅಂದೆ. ತೋರಿಸಿದ್ರೆ ಅವಳನ್ನ ಮನೆಗೆ ಕಳಿಸ್ತಾರೆ. ತೋರಿಸದಿದ್ರೆ ದಿನಾ ಅದನ್ನೇ ಎತ್ತಿ ಆಡ್ತಾರೆ. ಎರಡೂ ನನ್ನಿಂದಲೇ.

ಮಾರನೇ ದಿನ ಮಧ್ಯಾಹ್ನ ತಂಗಿ ನನ್ನ ವಿಡಿಯೋ ಅಂಗಡಿಗೆ ಬಂದಳು. ಸೊರಬದಾಗೆ ಬಟ್ಟೆ ಹೊಲಿಯಕ್ಕೆ ಕೊಟ್ಟು ಬರ್ತೀನಿ ಅಂತ ಹೇಳಿ, ಬಸ್ಸು ಬದಲಾಯಿಸಿ ಶಿಕಾರಿಪುರಕ್ಕೆ ಬಂದಿದ್ಲು. ಮುಖ ಇಳಿದು ಹೋಗಿತ್ತು.

"ಹಾಕು. ನಾನು ನೋಡ್ಬೇಕು."

"ಬ್ಯಾಡ ಬಿಡೇ."

"ಹಾಕೋ."

ಕೆಂಪು ಬೊಟ್ಟು ಒತ್ತಿದೆ. ಸ್ಕ್ರೀನ್ ತುಂಬ ಅವಳೇ. ಇದೇ ಮೊದಲು, ಅದನ್ನ ನಿಧಾನಕ್ಕೆ ದೊಡ್ಡದಾಗಿ ನೋಡಿದ್ದು. ತಲೆ ಎತ್ತಿದಳು, ನಕ್ಕಳು, ತಗ್ಗಿಸಿದಳು. ಇನ್ನೊಂದು ಸಲ ಅಂದಳು. ಹಾಕಿದೆ.

"ಯಾಕೆ ನಕ್ಯೇ ಅವತ್ತು?"

"ಅವ್ರ ಬಾಸಿಂಗ ಸೊಟ್ಟ ಆಗಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು. ಕಳ್ಳನ ಹಂಗೆ ಕಾಣ್ತಿದ್ರು."

"ಅಷ್ಟಕ್ಕೇ?"

"ಅಷ್ಟಕ್ಕೇ."

ಆಮೇಲೆ ಅವಳು ಕೇಳಿದಳು.

"ಅಣ್ಣ, ನಾನು ನೋಡಿದ್ದಕ್ಕೇ ಹಿಂಗಾಯ್ತೇನೋ?"

"ಹುಚ್ಚಿ. ಡಾಕ್ಟ್ರು ಏನಂದ್ರು?"

"ಡಾಕ್ಟ್ರಿಗೆ ತೆರೆ ವಿಷ್ಯ ಗೊತ್ತಾ?"

"ತೊಗರ್ಸೀಲಿ ನೋಡಿರ್ಲಿಲ್ವೇನೇ ನೀನು? ದಿನಾ ವಿಡಿಯೋ ಕಾಲಲ್ಲಿ ನೋಡ್ತಿರ್ಲಿಲ್ವಾ?"

"ಅದು ಬೇರೆ" ಅಂದಳು. ಅವರ ದೊಡ್ಡಪ್ಪ ಅಂದ ಹಂಗೇ ಅಂದಳು. ಪಿಯುಸಿ ಓದಿದೋಳು. ನಾನು ಎಷ್ಟು ಹೇಳಿದ್ರೂ ಅವಳ ತಲೆಗೆ ಹೋಗಲಿಲ್ಲ. ನಾನು ಒತ್ತಿದ ಒಂದು ಗುಂಡಿಗೆ ಅವಳು ತನ್ನ ಹೊಟ್ಟೆ ಬೈಕೊಳ್ತಾ ಕೂತಿದ್ಲು.

"ಅಳಿಸು ಅದನ್ನ."

"ನೀನು ನಕ್ಕಿರೋದು ಅದೊಂದೇ ಐತೆ ಕಣೇ."

"ಅದಕ್ಕೇ ಅಳಿಸು."

ನನ್ ಕೈ ಹೋಗಲಿಲ್ಲ. ಅವಳೇ ಕೀಬೋರ್ಡ್ ಎಳ್ಕಂಡಳು. ಅಳಿಸೋ ಗುಂಡಿಗೆ ಬೊಟ್ಟು ಇರಲಿಲ್ಲ. ಅವಳಿಗೆ ಬೊಟ್ಟು ಬೇಕೂ ಇರಲಿಲ್ಲ, ಓದಕ್ಕೆ ಬರುತ್ತೆ. ಒತ್ತಿದಳು. ಬೇಕಾ ಬ್ಯಾಡ್ವಾ ಅಂತ ಕಂಪ್ಯೂಟರ್ ಇನ್ನೊಂದು ಸಲ ಕೇಳ್ತು. ಮತ್ತೆ ಒತ್ತಿದಳು. ಮೂರೂವರೆ ಬಸ್ಸಿಗೆ ಹೋಗ್ಬೇಕು ಅಂತ ಎದ್ದು ಹೋದಳು.

ಬಸ್ಸು ಹೊರಟಿರಬಹುದು ಅನ್ನೋ ಹೊತ್ತಿಗೆ ನಾನೇ ದೊಡ್ಡಪ್ಪಂಗೆ ಫೋನ್ ಮಾಡಿದೆ.

"ಡಿಸ್ಕ್ ಹೋಗೈತ್ರಿ. ಏನೂ ಉಳಿದಿಲ್ಲ."

ಆ ಕಡೆಯಿಂದ, "ಎಲ್ಲಾ ಹೋಯ್ತಾ, ಅದೊಂದೇ ಹೋಯ್ತಾ?"

"ಎಲ್ಲಾ ಹೋಗೈತ್ರಿ."

"ಬಂದು ನೋಡ್ಲಾ?"

"ಬರ್ರಿ."

ಫೋನ್ ಇಟ್ಟೆ. ಕರಿ ಬೊಟ್ಟು ಒತ್ತಿ ಒಂಬತ್ತು ಡಬ್ಬಿ ತೆಗೆದೆ. ಕೆಳಗಿನ ಮೂಲೆ ಆಗಲೇ ಕಪ್ಪಾಗಿತ್ತು. ಇನ್ನೂ ಮೂರು ಉಳಿದಿದ್ವು. ಹುಡುಗನ ಕ್ಯಾಮೆರಾ, ಕ್ರೇನು, ಬಾಗಿಲ ಹತ್ರದ್ದು. ಬಾಗಿಲ ಹತ್ರದ್ದರಲ್ಲಿ ಅವ್ವ ಕಾಣ್ತಿದ್ಲು, ಹೊಸ ಸೀರೇಲಿ, ತಲೆ ಎತ್ತಿ ಎಲ್ಇಡಿ ಕಡೆ ನೋಡ್ತಾ. ಅವಳಿಗೆ ಮಗಳ ಮುಖ ಕಾಣ್ಲಿ ಅಂತಲೇ ಹಾಕಿಸಿದ್ದು. ಒಂದೊಂದಾಗಿ ಅಳಿಸಿದೆ. ಒಂಬತ್ತೂ ಕಪ್ಪಾದ್ವು.

ದೊಡ್ಡಪ್ಪ ಬರಲಿಲ್ಲ. ಇನ್ನೂ ಬಂದಿಲ್ಲ. ತಂಗಿ ಕುಪ್ಪಗಡ್ಡೇಲೇ ಅದಾಳೆ. ನಾನು ಮದುವೆ ಕೆಲಸ ಬಿಟ್ಟಿಲ್ಲ, ಬೇರೆ ಕೆಲಸ ಬರಲ್ಲ. ಆದ್ರೆ ಎರಡು ಡಬ್ಬಿ ಯಾರಿಗೂ ಕೊಡಲ್ಲ. ಕೇಳಿದ್ರೆ ಆ ಗುಂಡಿ ಕೆಟ್ಟೈತೆ ಅಂತೀನಿ. ಹಸಿರು ಬೊಟ್ಟು ಕಿತ್ತು ಹಾಕಿದೀನಿ. ಅಂಟು ಮಾತ್ರ ಹೋಗಿಲ್ಲ. ಬೆರಳು ತಾಗಿದಾಗೆಲ್ಲ ಹಿಡ್ಕಳುತ್ತೆ.